330 ಓಮ್‌ನ ಎರಡು ರೆಸಿಸ್ಟರ್: ಧಾರವಾಡದ ಒಂದು ಹೆಡ್‌ಫೋನ್ ಪ್ರಕರಣ

ಈ ಪ್ರಕರಣದ ಮುಖ್ಯ ವ್ಯಕ್ತಿಯನ್ನು ಇಲ್ಲಿ ಮಾಸ್ತರು ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಓಣಿ, ಕೆಲಸದ ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ, ಯಾಕೆಂದರೆ ಈ ಕಥೆಯಲ್ಲಿ ತೀರ್ಮಾನ ಮಾಡಿದ್ದು ಅಭಿಪ್ರಾಯಗಳಲ್ಲ, ಅಳತೆಗಳು.

ಹಿನ್ನೆಲೆ

ಮಾಸ್ತರು ಧಾರವಾಡದವರು, ಅರವತ್ತು ದಾಟಿದವರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಎಂದರೆ ಅವರಿಗೆ ಬರೀ ದೊಡ್ಡ ಹೆಸರುಗಳಲ್ಲ, ದಿನದ ಊಟ ಇದ್ದ ಹಾಗೆ. ರಾತ್ರಿ ಮನೆಯವರು ಮಲಗಿದ ಮೇಲೆ ಎರಡು ತಾಸು ಹೆಡ್‌ಫೋನ್ ಹಾಕಿಕೊಂಡು ಕೇಳುವುದು ಎಷ್ಟೋ ವರ್ಷದ ರೂಢಿ.

ಹೊರದೇಶದಲ್ಲಿರುವ ಮಗ ಹೋದ ವರ್ಷ ಬಂದಾಗ ತಾನು ಬಳಸುತ್ತಿದ್ದ ಹೈಫೈಮ್ಯಾನ್ ಎಚ್‌ಇ-6ಎಸ್‌ಇ ಹೆಡ್‌ಫೋನನ್ನು ಅಪ್ಪನಿಗೆ ಕೊಟ್ಟು ಹೋದ. ಇದು ಪ್ಲೇನರ್ ಮಾದರಿಯದು. ಸಾಮಾನ್ಯ ಹೆಡ್‌ಫೋನಿನಲ್ಲಿ ಸಣ್ಣ ಕಾಯಿಲ್ ಒಂದು ಕೋನನ್ನು ಅಲುಗಾಡಿಸುತ್ತದೆ. ಇದರಲ್ಲಿ ತೆಳ್ಳನೆಯ ಒಂದು ಹಾಳೆ, ಅದರ ಮೇಲೆ ಲೋಹದ ಪಟ್ಟಿ, ಎರಡೂ ಬದಿಗೆ ಮ್ಯಾಗ್ನೆಟ್. ಹಾಳೆ ಪೂರ್ತಿ ಒಟ್ಟಿಗೆ ಅಲುಗುತ್ತದೆ. ಸದ್ದು ಬಹಳ ಸ್ವಚ್ಛ. ಆದರೆ ಕೆಲಸ ಮಾಡಿಸಿಕೊಳ್ಳಲು ಜಾಸ್ತಿ ಕರೆಂಟ್ ಕೇಳುತ್ತದೆ. ಇದರ ವಿದ್ಯುತ್ ತಡೆ 50 ಓಮ್, ಒಂದು ಮಿಲಿವ್ಯಾಟ್‌ಗೆ ಕೊಡುವ ಸದ್ದು 83.5 ಡೆಸಿಬಲ್. ಬಹುತೇಕ ಹೆಡ್‌ಫೋನ್‌ಗಳು ಅದೇ ಒಂದು ಮಿಲಿವ್ಯಾಟ್‌ಗೆ 95ರಿಂದ 105 ಡೆಸಿಬಲ್ ಕೊಡುತ್ತವೆ. ಪ್ರತಿ 10 ಡೆಸಿಬಲ್‌ಗೆ ಹತ್ತು ಪಟ್ಟು ವಿದ್ಯುತ್ ಬೇಕು ಎಂದು ನೆನಪಿಟ್ಟರೆ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ.

ನಾನು ಹುಬ್ಬಳ್ಳಿಯವನು. ಆಡಿಯೋ ಸಾಮಾನು ಕಟ್ಟುವುದು, ರಿಪೇರಿ ಮಾಡುವುದು ನನ್ನ ಬಿಡುವಿನ ಕೆಲಸ. ಮಾಸ್ತರಿಗೆ ನಾನು ಗೊತ್ತಿದ್ದದ್ದು ಹಾಗೆ.

ತೊಂದರೆ

ಮಾಸ್ತರು ಮೊದಲು ಮೊಬೈಲಿಗೆ ಹಚ್ಚುವ ಸಣ್ಣ ಡಾಂಗಲ್‌ನಲ್ಲಿ ಕೇಳಿದರು. ಫೋನ್ ಮಾಡಿ ಹೇಳಿದ್ದು ಇಷ್ಟು: "ತಮ್ಮಾ, ಇದು ಭಾಳ ಸಣ್ಣಗ ಕೇಳಸ್ತದ. ಕೆಟ್ಟದೇನು?"

ಕೆಟ್ಟಿರಲಿಲ್ಲ. ಅಂಥ ಡಾಂಗಲ್ ಹೆಚ್ಚೆಂದರೆ ಒಂದು ವೋಲ್ಟ್ ಕೊಡುತ್ತದೆ. ಒಂದು ವೋಲ್ಟ್ ಈ ಹೆಡ್‌ಫೋನಿಗೆ ಹೋದರೆ 96 ಡೆಸಿಬಲ್ ಚಿಲ್ಲರೆ. ಕೇಳಲಿಕ್ಕೆ ಇದು ಸಾಕಷ್ಟು ಎನಿಸುತ್ತದೆ, ಅಲ್ವಾ? ಆದರೆ ಅದು ಹಾಡಿನ ಅತಿ ಎತ್ತರದ ಕ್ಷಣಕ್ಕೆ ಸಿಗುವ ಲೆಕ್ಕ. ಹಳೆಯ ಮುದ್ರಣಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಮಟ್ಟವನ್ನು ಬಹಳ ಕೆಳಗೆ ಇಟ್ಟಿರುತ್ತಾರೆ. ಅಂಥ ಫೈಲಿನಲ್ಲಿ ಎತ್ತರದ ತಾನ್ ಕೂಡ ಕಾಲು ವೋಲ್ಟ್ ಮುಟ್ಟುವುದಿಲ್ಲ. ಸರಾಸರಿ ಸದ್ದು 65 ಡೆಸಿಬಲ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಫ್ಯಾನ್ ಓಡುವ ಕೋಣೆಯಲ್ಲಿ ಅದು ಸಾಲದು.

ಮಗನನ್ನು ಕೇಳಿದರು. ಅವನು ಅಲ್ಲಿ ಸ್ಪೀಕರ್ ಆಂಪ್ಲಿಫೈಯರಿನಿಂದಲೇ ಕೇಳುತ್ತಿದ್ದನಂತೆ. "ಅಪ್ಪಾ, ಇದಕ್ಕ ಸ್ಪೀಕರ್ ಆಂಪ್ ಬೇಕು, ಇಲ್ಲಾ ಅಂದ್ರ ನಲವತ್ತು ಸಾವಿರದ ಹೆಡ್‌ಫೋನ್ ಆಂಪ್ ತಗೊಬೇಕು" ಎಂದ. ಹೀಗೆ ಪ್ರಶ್ನೆ ಎರಡೇ ದಾರಿಯದಾಗಿ ನಿಂತಿತು. ಆ ಎರಡು ದಾರಿಯ ಆಚೆ ನೋಡಲು ನನಗೂ ಎರಡು ತಿಂಗಳು ಹಿಡಿಯಿತು.

ಮೊದಲ ಪ್ರಯತ್ನ: ಮೂರು ಕಾಲಿನ ಸಾಕೆಟ್, ನಾಲ್ಕು ವೈರು

ನನ್ನನ್ನು ಕರೆಯುವ ಮುಂಚೆ ಮಾಸ್ತರು ಒಂದು ಅಂಗಡಿಗೆ ಹೋಗಿ ಅಂಗೈ ಅಗಲದ, ಡಿ-ಕ್ಲಾಸ್ ಎಂಬ ಮಾದರಿಯ ಸ್ಪೀಕರ್ ಆಂಪ್ ಬೋರ್ಡು ತಂದಿದ್ದರು. 24 ವೋಲ್ಟ್ ಅಡಾಪ್ಟರಿನಲ್ಲಿ ನಡೆಯುವಂಥದ್ದು. ಅಂಗಡಿಯ ಹುಡುಗ ಅದಕ್ಕೆ ದಪ್ಪ ಹೆಡ್‌ಫೋನ್ ಪಿನ್ ಹಿಡಿಯುವ 6.35 ಎಂಎಂ ಸಾಕೆಟ್ ಕೂಡಿಸಿ ಕೊಟ್ಟಿದ್ದ.

ಆ ಸಾಕೆಟ್ಟಿಗೆ ಕಾಲು ಮೂರೇ. ಎಡದ ಪಾಸಿಟಿವ್, ಬಲದ ಪಾಸಿಟಿವ್, ಎರಡಕ್ಕೂ ಸೇರಿದ ಒಂದು ಗ್ರೌಂಡ್. ಬೋರ್ಡಿನಿಂದ ಬರುವುದು ನಾಲ್ಕು ವೈರು. ಹುಡುಗ ಎರಡು ನೆಗೆಟಿವ್ ವೈರನ್ನು ಹೊಸೆದು ಒಂದು ಮಾಡಿ ಮೂರನೇ ಕಾಲಿಗೆ ಸೋಲ್ಡರ್ ಹಾಕಿದ್ದ. ನೋಡಲು ಸರಿಯಾಗೇ ಇತ್ತು.

ಮೂರು ದಿನ ಏನೂ ತೊಂದರೆ ಇಲ್ಲದೆ ನಡೆಯಿತು. ನಾಲ್ಕನೇ ದಿನ ಸದ್ದು ನಿಂತು ನಿಂತು ಬರತೊಡಗಿತು. ತಬಲಾ ಶುರುವಾದ ಕೂಡಲೇ ಕಟ್. ಎರಡು ಸೆಕೆಂಡಿಗೆ ಮತ್ತೆ ಬರುವುದು, ಮತ್ತೆ ಕಟ್. ಮಾಸ್ತರು ನನ್ನನ್ನು ಕರೆದದ್ದು ಆಗ. ನಾನು ಫೋನಿನಲ್ಲಿಯೇ ಲೂಸ್ ಕಾಂಟ್ಯಾಕ್ಟ್ ಇರಬೇಕು ಎಂದೆ. ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಅನ್ನುತ್ತೇವೆ. ಅವರು ಬೋರ್ಡು ಬಿಸಿಯಾಗುತ್ತಿರಬೇಕು ಎಂದರು. ಇಬ್ಬರೂ ತಪ್ಪಿದ್ದೆವು.

ಕಾರಣ ಸಿಕ್ಕಿದ್ದು ಮಾಸ್ತರ ನೋಟ್‌ಬುಕ್ಕಿನಿಂದ. ಅವರು ಯಾವ ರಾಗ, ಯಾರು ಹಾಡಿದ್ದು, ಯಾವ ಕಾಲದ ಮುದ್ರಣ ಎಂದು ದಿನಾ ಬರೆದಿಡುವವರು. ಸದ್ದು ಕಟ್ ಆದ ಹಾಡುಗಳ ಮುಂದೆ ಸಣ್ಣ ಗುಣಾಕಾರ ಚಿಹ್ನೆ ಹಾಕಿದ್ದರು. ಪಟ್ಟಿ ಮೇಲೆ ಬೆರಳಿಟ್ಟು ನೋಡುತ್ತ ಹೋದೆ. 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿದ ಒಂದಕ್ಕೂ ಗುರುತಿಲ್ಲ. ಹಳೆಯ ರೇಡಿಯೋ ಮುದ್ರಣಗಳಿಗೂ ಇಲ್ಲ. ಗುರುತು ಬಿದ್ದದ್ದೆಲ್ಲ ಇತ್ತೀಚಿನ ಮುದ್ರಣಗಳಿಗೆ. ಹಳೆಯವೆಲ್ಲ ಮೊನೊ. ಹೊಸವೆಲ್ಲ ಸ್ಟೀರಿಯೋ.

ಅಲ್ಲಿಗೆ ವಿಷಯ ತಿಳಿಯಿತು. ಈ ಮಾದರಿಯ ಬೋರ್ಡುಗಳು ಬ್ರಿಜ್ ವಿಧಾನದಲ್ಲಿ ಕೆಲಸ ಮಾಡುತ್ತವೆ. ಇವುಗಳ ನೆಗೆಟಿವ್ ಗ್ರೌಂಡ್ ಅಲ್ಲ. ಅದೂ ಒಂದು ಜೀವಂತ ಔಟ್‌ಪುಟ್, ಪಾಸಿಟಿವ್‌ಗೆ ಸರಿ ಎದುರಾಗಿ ಕುಣಿಯುವಂಥದ್ದು. ಸದ್ದಿಲ್ಲದಾಗಲೂ ಅದರ ಮೇಲೆ 12 ವೋಲ್ಟ್ ಇರುತ್ತದೆ. ಎಡದ ನೆಗೆಟಿವ್ ಮತ್ತು ಬಲದ ನೆಗೆಟಿವ್ ಕೂಡಿಸಿದರೆ ಎರಡು ಆಂಪ್‌ಗಳ ಬಾಯಿಗೆ ಬಾಯಿ ಕಟ್ಟಿದ ಹಾಗೆ. ಮೊನೊ ಹಾಡಿನಲ್ಲಿ ಎರಡೂ ಕಡೆ ಒಂದೇ ವೋಲ್ಟೇಜ್ ಇರುವುದರಿಂದ ನಡುವೆ ಕರೆಂಟ್ ಹರಿಯುವುದಿಲ್ಲ. ಸ್ಟೀರಿಯೋದಲ್ಲಿ ತಬಲಾ ಒಂದು ಬದಿಗೆ ಬಿದ್ದ ಕ್ಷಣ ಎರಡರ ವೋಲ್ಟೇಜ್ ಬೇರೆಯಾಗುತ್ತದೆ. ನೇರ ಶಾರ್ಟ್. ಬೋರ್ಡು ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತಿತ್ತು.

ನಾನು ಧಾರವಾಡಕ್ಕೆ ಹೋಗುವ ಹಿಂದಿನ ರಾತ್ರಿ ಮಾಸ್ತರು ವಾಲ್ಯೂಮ್ ಏರಿಸಿ ಇನ್ನೊಮ್ಮೆ ನೋಡಿದ್ದರು. ಬಲದ ಚಾನಲ್ ಸುಟ್ಟು ಹೋಗಿತ್ತು. ಹೆಡ್‌ಫೋನಿನ ಎರಡೂ ಬದಿಗೆ ಮಲ್ಟಿಮೀಟರ್ ಹಚ್ಚಿ ನೋಡಿದೆ. ಎರಡೂ ಕಡೆ 50 ಓಮಿನ ಸುತ್ತಲೇ ತೋರಿಸಿತು. ಹೆಡ್‌ಫೋನ್ ಉಳಿದಿತ್ತು. ಆ ಸಾಕೆಟ್ಟಿನ ಗ್ರೌಂಡ್ ಭಾಗ ಎಲ್ಲಿಯಾದರೂ ಕಂಪ್ಯೂಟರಿನ ಮೈಗೆ ತಾಗಿದ್ದರೆ ಆ 12 ವೋಲ್ಟ್ ನೇರ ಹೆಡ್‌ಫೋನಿಗೆ ಬೀಳುತ್ತಿತ್ತು. ಸುಮಾರು ಮೂರು ವ್ಯಾಟ್, ಬಿಡದೆ. ತೆಳ್ಳನೆಯ ಹಾಳೆ ಅದನ್ನು ತಡೆದುಕೊಳ್ಳುವುದು ಕಷ್ಟ.

ಈ ಒಂದು ವಿಷಯಕ್ಕಾಗಿಯೇ ಈ ಪ್ರಕರಣ ಬರೆಯಬೇಕು ಅನಿಸಿತು. "ಸ್ಪೀಕರ್ ಆಂಪ್‌ಗೆ ಹಚ್ಚಿ ನೋಡಿ" ಎಂದು ಹೇಳುವವರು ಬಹಳ ಜನ. ನೆಗೆಟಿವ್ ಎರಡೂ ಒಂದೇ ಹೌದೋ ಅಲ್ಲವೋ ನೋಡಿಕೊಳ್ಳಿ ಎಂದು ಹೇಳುವವರು ಕಡಿಮೆ.

ಎರಡನೇ ಪ್ರಯತ್ನ: ತಂದೆಯವರ ಆಂಪ್

ಮಾಸ್ತರ ಮನೆಯ ಅಟ್ಟದ ಮೇಲೆ ಅವರ ತಂದೆಯವರು 80ರ ದಶಕದಲ್ಲಿ ಕೊಂಡ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇತ್ತು. 8 ಓಮ್ ಸ್ಪೀಕರಿಗೆ 40 ವ್ಯಾಟ್. ಹಳೆ ಸೀರೆಯಲ್ಲಿ ಸುತ್ತಿಟ್ಟಿದ್ದರು. ಮುಂದಿನ ಅಲ್ಯೂಮಿನಿಯಂ ಪಟ್ಟಿ ಹೊಳಪು ಹೋಗಿರಲಿಲ್ಲ. ವಾಲ್ಯೂಮ್ ನಾಬ್ ತಿರುಗಿಸಿದರೆ ಮಾತ್ರ ಕರಕರ ಅನ್ನುತ್ತಿತ್ತು.

ಈ ಸಲ ಹಚ್ಚುವ ಮುಂಚೆಯೇ ಅಳೆದೆವು. ಆಂಪ್ ಬಂದ್ ಇದ್ದಾಗ ಎಡ ಮತ್ತು ಬಲದ ಕಪ್ಪು ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿದೆ. ಬೀಪ್ ಬಂತು. ಎರಡೂ ಒಳಗೇ ಕೂಡಿವೆ, ಬಾಡಿಗೂ ಕೂಡಿವೆ. ಇದು ಬ್ರಿಜ್ ಅಲ್ಲ.

ಆಮೇಲೆ ಆನ್ ಮಾಡಿ, ಹಾಡು ಹಾಕದೆ, ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್, ಅಂದರೆ ಹಾಡಿಲ್ಲದಾಗಲೂ ಒಂದೇ ಸಮ ಹೊರಗೆ ಬರುವ ವೋಲ್ಟೇಜ್, ನೋಡಿದೆವು. ಒಳ್ಳೆಯ ಆಂಪ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಎಡಕ್ಕೆ 18 ಮಿಲಿವೋಲ್ಟ್, ಬಲಕ್ಕೆ 140. ಸ್ಪೀಕರಿಗಾದರೆ 140 ಮಿಲಿವೋಲ್ಟ್ ತಲೆಕೆಡಿಸಿಕೊಳ್ಳುವಂಥದ್ದಲ್ಲ. ಈ ಹೆಡ್‌ಫೋನನ್ನೂ ಅದು ಸುಡುವುದಿಲ್ಲ. ಆದರೆ ನಾವು ನೋಡುತ್ತಿದ್ದಂತೆ ಅದು 140ರಿಂದ 155ಕ್ಕೆ ಏರಿತು. ಅಂಕಿಗಿಂತ ಆ ಏರಿಕೆ ಹೆದರಿಸಿತು. ಕಾಕಾನ ಅಂಗಡಿಗೆ ಒಯ್ದೆವು. ಅವರು ಇನ್‌ಪುಟ್ ಕಡೆಯ ಎರಡು ಕಂಡೆನ್ಸರ್ ಬದಲಿಸಿದರು, ವೋಲ್ಟೇಜ್ ಹೊಂದಿಸುವ ಸಣ್ಣ ತಿರುಪು, ಅಂದರೆ ಪ್ರಿಸೆಟ್, ಸ್ವಚ್ಛ ಮಾಡಿ ಕೂಡಿಸಿದರು. ಎಡ 12, ಬಲ 15. ಒಂದು ತಾಸು ಬಿಟ್ಟರೂ ಅಷ್ಟೇ.

"ಮಾಸ್ತರ್ರ, ಹೆಡ್‌ಫೋನ್ ಮೊದಲ ಹಚ್ಚಿ ಆನ್ ಮಾಡಬ್ಯಾಡ್ರಿ" ಎಂದರು ಕಾಕಾ. "ಆನ್ ಮಾಡ್ರಿ, ಹತ್ತ ಎಣಸ್ರಿ, ಆಮ್ಯಾಲ ಹಚ್ರಿ." ಈ ಆಂಪ್‌ನಲ್ಲಿ ಆನ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಸ್ಪೀಕರ್ ಕೂಡಿಸುವ ಔಟ್‌ಪುಟ್ ರಿಲೇ ಇಲ್ಲ. ಆನ್ ಮಾಡಿದಾಗ ಸ್ಪೀಕರಿನಲ್ಲಿ ದಬ್ ಎಂದು ಸದ್ದಾಗುತ್ತದೆ. ಆ ದಬ್ ಕಿವಿಗೆ ಅಂಟಿದ ಹೆಡ್‌ಫೋನಿನಲ್ಲಿ ಆಗಬಾರದು.

ಸ್ಪೀಕರ್ ಟರ್ಮಿನಲ್ಲಿಗೆ ನೇರವಾಗಿ ಹಚ್ಚಿದಾಗ ಸದ್ದು ಭರ್ಜರಿ ಬಂತು. ಜತೆಗೆ ಎರಡು ತೊಂದರೆ. ಹಾಡು ಶುರುವಾಗುವ ಮುಂಚೆ ಸುಯ್ ಎನ್ನುವ ಗಾಳಿಯ ಸದ್ದು, ಅದರ ಕೆಳಗೆ ಗುಂಯ್ ಎನ್ನುವ ಕರೆಂಟಿನ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಮೇಲೆ ಗುಂಯ್ ಬಹುತೇಕ ಹೋಯಿತು, ಸುಯ್ ಉಳಿಯಿತು. ಸ್ಪೀಕರ್ ಆಂಪ್ ತನಗೆ ಬಂದ ಸಿಗ್ನಲ್ಲನ್ನು ಇಪ್ಪತ್ತು ಪಟ್ಟು ಆಸುಪಾಸು ದೊಡ್ಡದು ಮಾಡುತ್ತದೆ. ಒಳಗಿನ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ. ಸ್ಪೀಕರ್ ಎಂಟು ಅಡಿ ದೂರ ಇರುವುದರಿಂದ ಗೊತ್ತಾಗುವುದಿಲ್ಲ. ಹೆಡ್‌ಫೋನ್ ಕಿವಿಗೇ ಅಂಟಿರುತ್ತದೆ. ತಂಬೂರಿ ಒಂದೇ ನುಡಿಯುವಾಗ, ಆ ಜವಾರಿಯ ಝೇಂಕಾರದ ಬಾಲ ಕರಗುವ ಜಾಗದಲ್ಲಿ, ಈ ಸುಯ್ ಬಂದು ಕೂರುತ್ತಿತ್ತು. ಮಾಸ್ತರಿಗೆ ಅದು ಸಹಿಸಲು ಆಗಲಿಲ್ಲ, ನನಗೂ.

ಎರಡನೇ ತೊಂದರೆ ವಾಲ್ಯೂಮ್ ನಾಬಿನದು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಏಳೂವರೆಯಿಂದ ಎಂಟೂವರೆ ಒಳಗೇ ಎಲ್ಲ ಮುಗಿಯುತ್ತಿತ್ತು. ನಾಬಿನ ಆ ಭಾಗದಲ್ಲಿ ಎಡ ಬಲ ಸಮ ಇರುವುದಿಲ್ಲ, ಹಾಡುವವರು ಎಡಕ್ಕೆ ಸರಿದು ಕೂತ ಹಾಗೆ ಕೇಳುತ್ತದೆ. ಇದಕ್ಕಿಂತ ದೊಡ್ಡ ಚಿಂತೆ ಕಿವಿಯದು. ಯಾರಾದರೂ ಒರೆಸುವಾಗ ನಾಬ್ ಹನ್ನೆರಡಕ್ಕೆ ತಿರುಗಿಸಿ ಬಿಟ್ಟರೆ ಮುಂದೆ ಕೇಳುವವರ ಗತಿ ಏನು? 100 ಡೆಸಿಬಲ್‌ನಲ್ಲಿ ಕಾಲು ತಾಸಿಗಿಂತ ಜಾಸ್ತಿ ಇರಬಾರದು ಎನ್ನುವುದು ಕಾರ್ಖಾನೆ ಕೆಲಸಗಾರರಿಗೆ ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಒಎಸ್‌ಎಚ್ ಶಿಫಾರಸು ಮಾಡಿದ ಮಿತಿ. ಈ ಆಂಪ್ ಈ ಹೆಡ್‌ಫೋನಿಗೆ 120 ಡೆಸಿಬಲ್ ದಾಟಿಸಬಲ್ಲದು.

ನಾನು ಒಂದು ಸಣ್ಣ ಡಬ್ಬಿ ಮಾಡಿದೆ. ಪ್ರತಿ ಚಾನಲ್ಲಿಗೆ ಕರೆಂಟಿಗೆ ತಡೆ ಒಡ್ಡುವ 10 ಓಮಿನ ಎರಡು ಸಿಮೆಂಟ್ ರೆಸಿಸ್ಟರ್, 10 ವ್ಯಾಟ್‌ನವು. ಒಂದು ದಾರಿಯಲ್ಲಿ ಅಡ್ಡ, ಇನ್ನೊಂದು ಹೆಡ್‌ಫೋನಿನ ಪಕ್ಕಕ್ಕೆ. ಇದರಿಂದ ಸದ್ದು, ಸುಯ್ ಎರಡೂ 7 ಡೆಸಿಬಲ್ ಹತ್ತಿರ ಇಳಿದವು. ನಾಬ್ ಸ್ವಲ್ಪ ಮೇಲೆ ಬಂತು, ಎಡ ಬಲ ಸಮ ಆಯಿತು. ಮಾಸ್ತರಿಗೆ ಸಮಾಧಾನ. ನನಗೂ ಕೆಲಸ ಮುಗಿಯಿತು ಅನಿಸಿತ್ತು.

ಹೋಲಿಕೆ

ಆದರೂ ನಲವತ್ತು ಸಾವಿರದ ಪ್ರಶ್ನೆ ಮಾಸ್ತರ ತಲೆಯಿಂದ ಹೋಗಿರಲಿಲ್ಲ. ಹುಬ್ಬಳ್ಳಿಯ ಗೆಳೆಯರೊಬ್ಬರಿಂದ ಹೆಡ್‌ಫೋನಿಗೆಂದೇ ಮಾಡಿದ ಒಂದು ಒಳ್ಳೆಯ ಆಂಪ್ ಎರಡು ವಾರಕ್ಕೆ ತಂದೆ. 50 ಓಮಿಗೆ ಎರಡು ವ್ಯಾಟ್ ಕೊಡುವಂಥದ್ದು.

ಮೊದಲ ಸಂಜೆ ಮಾಸ್ತರು ಎರಡನ್ನೂ ಕೇಳಿ, "ಅಪ್ಪನ ಆಂಪ್‌ದಾಗ ದಮ್ಮು ಜಾಸ್ತಿ ಅದ" ಎಂದರು. ನನಗೂ ಹಾಗೇ ಕೇಳಿಸಿತು. ಆಮೇಲೆ 200 ಹರ್ಟ್ಸ್‌ನ ಒಂದು ನಾದ ಹಾಕಿ, ಹೆಡ್‌ಫೋನ್ ಹಚ್ಚಿದ್ದಾಗಲೇ ಎರಡರ ಔಟ್‌ಪುಟ್ ಅಳೆದೆವು. ಸಾದಾ ಮಲ್ಟಿಮೀಟರ್ ಈ ನಾದಕ್ಕೆ ಸರಿಯಾಗಿ ಓದುತ್ತದೆ, ಅದಕ್ಕೇ ಇದನ್ನು ಆರಿಸಿದ್ದು. ಹಳೆ ಆಂಪ್ 0.38 ವೋಲ್ಟ್, ಹೊಸದು 0.30. ಎರಡು ಡೆಸಿಬಲ್ ಅಂತರ. ಇಷ್ಟು ಅಂತರ ಇದ್ದಾಗ ಕಿವಿಗೆ ಅದು ಜೋರು ಅನಿಸುವುದಿಲ್ಲ, ಚೆನ್ನ ಅನಿಸುತ್ತದೆ. ನಾವು ಕೇಳಿದ ದಮ್ಮು ಅದೇ ಇರಬಹುದು.

ಎರಡನ್ನೂ 0.300ಕ್ಕೆ ತಂದು, ಮಾಸ್ತರ ಮಗಳು ಪರದೆ ಹಿಂದೆ ಕೂತು ವೈರ್ ಬದಲಿಸಿದಳು. ಮಾಸ್ತರು ಹನ್ನೆರಡು ಸಲ ಹೇಳಿದರು, ಏಳು ಸಲ ಸರಿ. ನಾಣ್ಯ ಚಿಮ್ಮಿದರೂ ಆರು ಬರುತ್ತದೆ. ಅವರ ಕಿವಿ ಸಾಮಾನ್ಯ ಕಿವಿ ಅಲ್ಲ, ತಂಬೂರಿಯ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಹೇಳುತ್ತಾರೆ. ಆದ್ದರಿಂದ ಈ ಫಲಿತಾಂಶವನ್ನು ನಾನು ಗಂಭೀರವಾಗಿ ತೆಗೆದುಕೊಂಡೆ.

ತಿರುವು

ಅದೇ ರಾತ್ರಿ ಮೀಟರ್ ಹಚ್ಚಿದ್ದ ಹಾಗೇ ಬಿಟ್ಟು ಮಾಸ್ತರಿಗೆ, "ಸರ್, ದಿನಾ ಹೆಂಗ ಕೇಳ್ತೀರೋ ಹಂಗ ಕೇಳ್ರಿ" ಎಂದೆ. ಅವರು ಕಣ್ಣು ಮುಚ್ಚಿ ತಮಗೆ ಬೇಕಾದ ಮಟ್ಟಕ್ಕೆ ನಾಬ್ ತಿರುಗಿಸಿಕೊಂಡರು. ಹಾಡಿನ ಜತೆ ಅಂಕಿ ಕುಣಿಯುತ್ತಿತ್ತು. ಅರ್ಧ ತಾಸು ನೋಡಿದೆ. 0.15 ವೋಲ್ಟಿನ ಸುತ್ತಲೇ ಆಡುತ್ತಿತ್ತು.

ಕಾಗದ ತೆಗೆದು ಲೆಕ್ಕ ಹಾಕಿದೆ. 0.15 ವೋಲ್ಟ್ ಅಂದರೆ ಈ ಹೆಡ್‌ಫೋನಿನಲ್ಲಿ 80 ಡೆಸಿಬಲ್. ವಿದ್ಯುತ್ ಎಷ್ಟು? ಅರ್ಧ ಮಿಲಿವ್ಯಾಟಿಗಿಂತ ಕಡಿಮೆ. ಹಾಡಿನ ಎತ್ತರದ ಕ್ಷಣಗಳು ಸರಾಸರಿಗಿಂತ 20 ಡೆಸಿಬಲ್ ಮೇಲೆ ಹೋಗುತ್ತವೆ ಎಂದು ಇಟ್ಟುಕೊಂಡರೂ 1.5 ವೋಲ್ಟ್, 45 ಮಿಲಿವ್ಯಾಟ್. ಜಗತ್ತಿನಲ್ಲೇ ಅತಿ ಕಷ್ಟದ ಹೆಡ್‌ಫೋನ್‌ಗಳಲ್ಲಿ ಒಂದು ಎಂದು ಹೆಸರಾದ ಸಾಮಾನು ಮಾಸ್ತರ ಕೇಳುವ ಮಟ್ಟಕ್ಕೆ ಬೇಡುತ್ತಿದ್ದ ವಿದ್ಯುತ್ ಇಷ್ಟೇ. ನಾವು ಎರಡು ತಿಂಗಳು ವ್ಯಾಟುಗಳ ಹಿಂದೆ ಓಡಿದ್ದೆವು. ಈ ಅಳತೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಅದು ನನ್ನ ತಪ್ಪು.

ಆಗ ನನ್ನ ಕಣ್ಣು ಹಳೆ ಆಂಪ್‌ನ ಮುಂದಿನ ಪಟ್ಟಿಯ ಮೇಲೆ ಬಿತ್ತು. ಅಲ್ಲಿ ಒಂದು ಹೆಡ್‌ಫೋನ್ ಸಾಕೆಟ್ ಇತ್ತು. ಮೊದಲ ದಿನ ಒಮ್ಮೆ ಹಚ್ಚಿದಾಗ ಒಂದೇ ಕಿವಿಗೆ ಕೇಳಿಸಿತ್ತು. ಆಮೇಲೆ ಯಾರೂ ಅದರ ಕಡೆ ನೋಡಿರಲಿಲ್ಲ. ಹಳೆ ಆಂಪ್‌ಗಳ ಹೆಡ್‌ಫೋನ್ ಸಾಕೆಟ್ ಹೆಸರಿಗಷ್ಟೇ ಎನ್ನುವುದು ನಮ್ಮಲ್ಲಿ ಎಲ್ಲರ ಮಾತು. ನಾನೂ ಹಾಗೇ ಹೇಳುತ್ತಿದ್ದವನು.

ಮರುದಿನ ಮುಚ್ಚಳ ಬಿಚ್ಚಿದೆ. ಸ್ಪೀಕರ್ ಔಟ್‌ಪುಟ್‌ನಿಂದ ಆ ಸಾಕೆಟ್ಟಿಗೆ ಎರಡು ವೈರು ಬರುತ್ತವೆ. ಪ್ರತಿ ವೈರಿನ ನಡುವೆ ಒಂದು ರೆಸಿಸ್ಟರ್. ಧೂಳು ಒರೆಸಿ ಬಣ್ಣ ನೋಡಿದೆ. ಕಿತ್ತಳೆ, ಕಿತ್ತಳೆ, ಕಂದು. 330 ಓಮ್. ಆ ಕಾಲದ ಆಂಪ್‌ಗಳಲ್ಲಿ ಬಹಳಷ್ಟು ಹೀಗೇ. ಹೆಡ್‌ಫೋನಿಗೆ ಬೇರೆ ಆಂಪ್ ಇಲ್ಲ, ಅದೇ ಸ್ಪೀಕರ್ ಆಂಪ್, ನಡುವೆ ಒಂದು ರೆಸಿಸ್ಟರ್.

ಈಗ ಲೆಕ್ಕ ನೋಡಿ. 330 ಓಮ್ ದಾಟಿ 50 ಓಮಿನ ಹೆಡ್‌ಫೋನಿಗೆ ಬಂದಾಗ ವೋಲ್ಟೇಜ್ ಸುಮಾರು ಏಳೂವರೆಯಲ್ಲಿ ಒಂದು ಪಾಲು ಆಗುತ್ತದೆ. ಆಂಪ್ ಪೂರ್ತಿ ಶಕ್ತಿಯಲ್ಲಿ 17.9 ವೋಲ್ಟ್ ಕೊಟ್ಟರೆ ಹೆಡ್‌ಫೋನಿಗೆ 2.3 ವೋಲ್ಟ್ ಚಿಲ್ಲರೆ. ಮಾಸ್ತರಿಗೆ ಬೇಕಾದದ್ದು 1.5. ಸಾಕು! ಸುಯ್ ಸದ್ದೂ 17 ಡೆಸಿಬಲ್‌ಗಿಂತ ಜಾಸ್ತಿ ಇಳಿಯುತ್ತದೆ, ನನ್ನ ಡಬ್ಬಿ ಇಳಿಸಿದ್ದು ಏಳು. ಆನ್ ಮಾಡಿದಾಗಿನ ದಬ್ ಕೂಡ ಅಷ್ಟೇ ಪಾಲು ಸಣ್ಣದು.

ನನ್ನನ್ನು ಪೂರ್ತಿ ಒಪ್ಪಿಸಿದ್ದು ಇನ್ನೊಂದು ಲೆಕ್ಕ. ಹಳೆ ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಒಂದು ದಿನ ಶಾರ್ಟ್ ಆದರೆ? ಒಳಗಿನ 30 ವೋಲ್ಟ್ ಡಿಸಿ ನೇರ ಹೊರಗೆ ಬರುತ್ತದೆ. ಟರ್ಮಿನಲ್ಲಿಗೆ ನೇರ ಹಚ್ಚಿದ್ದರೆ ಹೆಡ್‌ಫೋನಿಗೆ 18 ವ್ಯಾಟ್, ಕ್ಷಣದಲ್ಲಿ ಸುಟ್ಟು ಹೋಗುತ್ತದೆ. ನನ್ನ ಡಬ್ಬಿಯ ಮೂಲಕ ಹೋದರೂ ಮೂರೂವರೆ ವ್ಯಾಟ್ ದಾಟುತ್ತದೆ. 330 ಓಮಿನ ಹಿಂದೆ ಇದ್ದರೆ ಒಂದು ವ್ಯಾಟಿನ ಮೂರನೇ ಒಂದು ಪಾಲೂ ಇಲ್ಲ. ಅಷ್ಟನ್ನು ತಡೆದುಕೊಂಡು, ಕಿತ್ತು ತೆಗೆಯುವಷ್ಟು ಹೊತ್ತು ಅದು ಉಳಿಯುತ್ತದೆ.

ಸಾಕೆಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ನನ್ನು ಹತ್ತು ಸಲ ಒಳಗೆ ಹೊರಗೆ ಮಾಡಿದೆ. ಎರಡೂ ಕಿವಿಗೆ ಬಂತು. ಮತ್ತೆ 0.300 ವೋಲ್ಟಿಗೆ ಸಮ ಮಾಡಿ, ಮಗಳನ್ನು ಪರದೆ ಹಿಂದೆ ಕೂರಿಸಿ, ಹೆಡ್‌ಫೋನ್ ಆಂಪ್ ಎದುರು ಈ ಸಾಕೆಟ್ ಇಟ್ಟು ಕೇಳಿಸಿದೆವು. ಎಂಟನೇ ಸಲಕ್ಕೆ ಮಾಸ್ತರು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಸಾಕು ತಮ್ಮಾ. ನನಗ ಗೊತ್ತಾಗವಲ್ತು."

ಬೇರೆಯವರಿಗೆ ಇದು ಎಲ್ಲಿ ಒಪ್ಪುತ್ತದೆ, ಎಲ್ಲಿ ಇಲ್ಲ

ಈ ಫಲವನ್ನು ಎಲ್ಲ ಹೆಡ್‌ಫೋನಿಗೂ ಹಚ್ಚಬೇಡಿ, ದಯವಿಟ್ಟು. ಪ್ಲೇನರ್ ಹೆಡ್‌ಫೋನಿನ ಓಮ್ ಎಲ್ಲ ಸ್ವರಕ್ಕೂ ಹೆಚ್ಚು ಕಡಿಮೆ ಒಂದೇ. ಮಂದ್ರಕ್ಕೂ 50, ತಾರಕ್ಕೂ 50. ಆದ್ದರಿಂದ ಮುಂದೆ 330 ಓಮ್ ಇದ್ದರೂ ಎಲ್ಲ ಸ್ವರ ಒಂದೇ ಪಾಲಿನಲ್ಲಿ ಇಳಿಯುತ್ತವೆ, ಬಣ್ಣ ಬದಲಾಗುವುದಿಲ್ಲ. ಕಾಯಿಲ್ ಇರುವ ಹೆಡ್‌ಫೋನಿನ ಕಥೆ ಬೇರೆ. ಮಾಸ್ತರ ಸೋದರಳಿಯ ಇದೇ ಆಂಪ್‌ಗೆ ತನ್ನ ಸೆನ್‌ಹೈಸರ್ ಎಚ್‌ಡಿ 650 ಹಚ್ಚಿ ನೋಡಿದ. ಅದು 300 ಓಮಿನದು, ಆದರೆ ಕೆಳಗಿನ ಸ್ವರಗಳ ಒಂದು ಜಾಗದಲ್ಲಿ 500 ಓಮಿನವರೆಗೆ ಏರುತ್ತದೆ. 330 ಓಮಿನ ಹಿಂದೆ ಕೂತಾಗ ಆ ಜಾಗ ಉಳಿದದ್ದಕ್ಕಿಂತ ಎರಡು ಡೆಸಿಬಲ್ ಉಬ್ಬುತ್ತದೆ. ತಬಲಾದ ಡಗ್ಗಾ ದಪ್ಪ ಕೇಳಿಸಿತು. ಅವನಿಗೆ ಅದು ಇಷ್ಟವಾಯಿತು, ಅದು ಬೇರೆ ಮಾತು. ಮುದ್ರಣದಲ್ಲಿ ಇದ್ದಂತೆಯೇ ಕೇಳಬೇಕು ಎನ್ನುವವರಿಗೆ ಅಂಥ ಹೆಡ್‌ಫೋನಿನ ಜತೆ ಹೆಡ್‌ಫೋನಿಗೆಂದೇ ಮಾಡಿದ ಆಂಪ್ ಒಳ್ಳೆಯದು. ಅದರ ಔಟ್‌ಪುಟ್ ಓಮ್ ಸೊನ್ನೆಯ ಹತ್ತಿರ, ಗದ್ದಲ ಕಡಿಮೆ, ನೆಗೆಟಿವ್ ಚಿಂತೆ ಇಲ್ಲ. ಕಿವಿಯೊಳಗೆ ತೂರಿಸುವ ಸಣ್ಣ ಇಯರ್‌ಫೋನಿಗಂತೂ ಸ್ಪೀಕರ್ ಟರ್ಮಿನಲ್ ಬೇಡವೇ ಬೇಡ. ಅವು ಒಂದು ವೋಲ್ಟಿಗೆ 115 ಡೆಸಿಬಲ್ ಕೊಡಬಲ್ಲವು. ಸುಯ್ ಸದ್ದೇ ಹಾಡಿನ ಹಾಗೆ ಕೇಳುತ್ತದೆ.

ಜೋರಾಗಿ ಕೇಳುವವರ ಲೆಕ್ಕವೂ ಬೇರೆ. ಮಾಸ್ತರಿಗಿಂತ 10 ಡೆಸಿಬಲ್ ಜಾಸ್ತಿ ಬೇಕು ಎಂದರೆ ಇದೇ ಎಚ್‌ಇ-6ಎಸ್‌ಇ ಹತ್ತಿರ ಹತ್ತಿರ ಐದು ವೋಲ್ಟ್ ಕೇಳುತ್ತದೆ. ಮುಂದಿನ ಸಾಕೆಟ್ಟಿಗೆ ಅದು ಆಗದು. ಆಗ ಎರಡು ವ್ಯಾಟಿನ ಹೆಡ್‌ಫೋನ್ ಆಂಪ್, ಇಲ್ಲವೇ ಅಳೆದು ಸರಿ ಮಾಡಿದ ಸ್ಪೀಕರ್ ಆಂಪ್ ಮತ್ತು ರೆಸಿಸ್ಟರ್ ಡಬ್ಬಿ. ಸ್ಪೀಕರ್ ಆಂಪ್ ನಿಜವಾಗಿಯೂ ಬೇಕಾದ ಹೆಡ್‌ಫೋನುಗಳೂ ಇವೆ. ಆಸ್ಟ್ರಿಯಾದ ಎಕೆಜಿ 1989ರಲ್ಲಿ ತಂದ ಕೆ1000 ಒಂದು ಮಿಲಿವ್ಯಾಟಿಗೆ 74 ಡೆಸಿಬಲ್ ಮಾತ್ರ ಕೊಡುತ್ತಿತ್ತು. ಅದನ್ನು ಸ್ಪೀಕರ್ ಟರ್ಮಿನಲ್ಲಿಗೆ ಹಚ್ಚುವುದಕ್ಕೆಂದೇ ಮಾಡಿದ್ದರು. ವಾಲ್ವ್ ಆಂಪ್ ಇದ್ದವರು ಮಾತ್ರ ಎಚ್ಚರ. ಅದರ ಟ್ರಾನ್ಸ್‌ಫಾರ್ಮರಿಗೆ 8 ಓಮಿನಂಥ ಭಾರ ಬೇಕೇ ಬೇಕು. 50 ಓಮಿನ ಹೆಡ್‌ಫೋನ್ ಒಂದನ್ನೇ ಹಚ್ಚಿ ವಾಲ್ಯೂಮ್ ಏರಿಸಿದರೆ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು. ಜತೆಗೆ 8 ಅಥವಾ 10 ಓಮಿನ ರೆಸಿಸ್ಟರ್ ಇರಲೇಬೇಕು.

ಯಾರಾದರೂ ಈಗ ನನ್ನ ಹತ್ತಿರ ಬಂದು ಯಾವ ಆಂಪ್ ತಗೊಳ್ಳಲಿ ಎಂದು ಕೇಳಿದರೆ ನಾನು ಮೊದಲು ಅವರ ಒಂದು ಸಂಜೆಯ ಸಮಯ ಕೇಳಿಕೊಳ್ಳುತ್ತೇನೆ. ಮೀಟರ್ ಹಚ್ಚಿ, ಅವರು ದಿನಾ ಕೇಳುವ ಹಾಡು ದಿನಾ ಕೇಳುವ ಮಟ್ಟದಲ್ಲಿ ಹಾಕಿ, ಅವರ ಕಿವಿಗೆ ಎಷ್ಟು ವೋಲ್ಟ್ ಬೇಕು ಎಂದು ನೋಡುತ್ತೇನೆ. ವ್ಯಾಟಿನ ಮಾತು ಆಮೇಲೆ.

ಈಗಿನ ಸ್ಥಿತಿ

ಹೆಡ್‌ಫೋನ್ ಆಂಪ್ ಗೆಳೆಯರಿಗೆ ವಾಪಸ್ಸು ಹೋಯಿತು. ನನ್ನ ಡಬ್ಬಿ ಮಾಸ್ತರ ಕಪಾಟಿನಲ್ಲಿದೆ. ನಲವತ್ತು ಸಾವಿರ ಖರ್ಚಾಗಲಿಲ್ಲ. ಅದರಲ್ಲಿ ಒಂದು ಪಾಲು, ತಂದೆಯವರು ಧಾರವಾಡ ಆಕಾಶವಾಣಿಯಿಂದ ತುಂಬಿಸಿಟ್ಟುಕೊಂಡಿದ್ದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಹೋಗುತ್ತಿದೆ. ಒಂದು ಕ್ಯಾಸೆಟ್ಟಿನ ಕೊನೆಗೆ ತಂದೆಯವರು ಕೆಮ್ಮಿದ್ದು ಕೇಳುತ್ತದಂತೆ. ಅದನ್ನು ತೆಗೆಯಬೇಡಿ ಎಂದು ಮಾಸ್ತರು ಹೇಳಿದ್ದಾರೆ.

ಡಿಸಿ ವೋಲ್ಟೇಜನ್ನು ಆರು ತಿಂಗಳಿಗೊಮ್ಮೆ ನೋಡಿ ಎಂದು ಅವರಿಗೆ ಒಂದು ಸಣ್ಣ ಮೀಟರ್ ಕೊಟ್ಟಿದ್ದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅದಕ್ಕೆ ಒಂದು ಕೋಷ್ಟಕ ಹಾಕಿಕೊಂಡಿದ್ದಾರೆ. ಹೋದ ವಾರ ಫೋನ್ ಬಂತು.

"ತಮ್ಮಾ, ಎಡಕ್ಕ ಹನ್ನೆರಡು, ಬಲಕ್ಕ ಹದಿನಾರು. ಹದಿನೈದಿತ್ತು, ಒಂದು ಏರ್ಯದ. ನಡೀತದೇನು?"

"ನಡೀತದ್ರಿ ಸರ್" ಎಂದೆ.